ಫ್ರಾನ್ಸ್‌ನ ಶರಾಂತ್ ನದಿಯಲ್ಲಿ ಒಂದು ವಾರ ಬೋಟ್: ಅಪ್ಪ-ಅವ್ವನ ಜೊತೆ ಹೋಗಬಹುದಾ?

ಕಾರಟಗಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿಯವಳು, ಶಾಲೆಯಲ್ಲಿ ಟೀಚರ್. ನನ್ನ ತಮ್ಮ ಫ್ರಾನ್ಸ್‌ನ ಬೋರ್ಡೋದಲ್ಲಿ ಕೆಲಸದಲ್ಲಿದ್ದಾನೆ. ಬರುವ ಮೇ ತಿಂಗಳ ಬೇಸಿಗೆ ರಜೆಗೆ ಅಪ್ಪ, ಅವ್ವ, ನಾನು ಮೂವರೂ ಬರಲೇಬೇಕು ಅಂತ ಹಠ ಹಿಡಿದಿದ್ದಾನೆ. ಪ್ಯಾರಿಸ್ ಎರಡು ದಿನ ಸಾಕು, ಆಮೇಲೆ ಒಂದು ವಾರ ಬೋಟ್ ಬಾಡಿಗೆಗೆ ಹಿಡಿಯೋಣ ಅಂತಾನೆ. ಅಡುಗೆ, ಊಟ, ನಿದ್ದೆ ಎಲ್ಲ ಅದರಲ್ಲೇ. ನಡೆಸುವವರೂ ನಾವೇ ಅಂತೆ.

ಅವನು ಎರಡು ಜಾಗ ಹೇಳಿದ್ದಾನೆ. ಒಂದು ಮಿದಿ ಕಾಲುವೆ, ತುಂಬಾ ಹೆಸರುವಾಸಿ. ಇನ್ನೊಂದು ಶರಾಂತ್ ಅನ್ನುವ ನದಿ. ನಮ್ಮಲ್ಲಿ ಯಾರೂ ಅದರ ಹೆಸರು ಕೇಳಿಲ್ಲ.

ಅಪ್ಪನಿಗೆ 71. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಗ್ಯಾಂಗ್‌ಮನ್ ಆಗಿ 30 ವರ್ಷ ದುಡಿದವರು. ಈಗ ಮನೆಯಲ್ಲಿ ಸುಮ್ನೆ ಕೂತು ಬೇಜಾರಾಗಿದ್ದಾರೆ. ಫ್ರಾನ್ಸ್ ಅಂದರೆ "ನನಗೇನು ಕೆಲಸ ಅಲ್ಲಿ" ಅಂತಾರೆ. ಅವ್ವನಿಗೆ ನೀರು ಅಂದರೆ ಭಯ. ನಮ್ಮ ಕಡೆ ಕಾಲುವೆಗೆ ಬಿದ್ದು ಹೋದವರ ಸುದ್ದಿ ಪ್ರತಿ ವರ್ಷ ಕೇಳುತ್ತೇವೆ, ಅದರಲ್ಲಿ ಅವ್ವನ ಅಕ್ಕನ ಮಗನೂ ಒಬ್ಬ. ಮೇಲಾಗಿ ಮೊಣಕಾಲು ನೋವು. ಇಬ್ಬರಿಗೂ ರೊಟ್ಟಿ ಇಲ್ಲದೆ ಊಟ ಇಳಿಯಲ್ಲ.

ಇಂಥವರನ್ನು ಒಂದು ವಾರ ನೀರಿನ ಮೇಲೆ ಇಡುವುದು ಸರಿಯಾ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗಂಗಾವತಿ_ರಿವೈಂಡಿಂಗ್

ಅಕ್ಕಾರೆ, ಶರಾಂತ್‌ಗೇ ಹೋಗಿ. ಅದೂ ನಿಮ್ಮ ಅಪ್ಪನಿಗಾಗಿಯೇ ಹೋಗಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾನು ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಮಗಳು ಆಂಗುಲೆಮ್ ಊರಲ್ಲಿ ಅನಿಮೇಷನ್ ಓದುತ್ತಾಳೆ. ಆ ಊರು ಶರಾಂತ್ ದಂಡೆಯ ಗುಡ್ಡದ ಮೇಲಿದೆ, ಕಾಮಿಕ್ಸ್ ಹಬ್ಬಕ್ಕೆ ಹೆಸರುವಾಸಿ. ಹೋದ ವರ್ಷ ಮೇ ತಿಂಗಳಲ್ಲಿ ನಾನು, ನನ್ನಾಕೆ, ನಮ್ಮವ್ವ, ಮಗಳು ನಾಲ್ಕು ಜನ ಒಂದು ವಾರ ಬೋಟಿನಲ್ಲಿದ್ದೆವು. ನಮ್ಮವ್ವನಿಗೆ 69.

ಶರಾಂತ್ ಸುಮಾರು 380 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುವ ನದಿ. ಆಂಗುಲೆಮ್‌ನಿಂದ ಕೆಳಗೆ ಬೋಟ್ ಹೋಗುತ್ತೆ. ಹಿಂದೆ ಇದೇ ನದಿಯಲ್ಲಿ ಚಪ್ಪಟೆ ತಳದ ಮರದ ದೋಣಿಗಳು ಸಮುದ್ರದಿಂದ ಉಪ್ಪು ಹೊತ್ತು ಮೇಲೆ ಬರುತ್ತಿದ್ದವು, ಕೆಳಗೆ ಹೋಗುವಾಗ ಬ್ರಾಂಡಿ, ಕಲ್ಲು, ಕಾಗದ ಹೊತ್ತು ಹೋಗುತ್ತಿದ್ದವು. ಈಗ ಸರಕು ದೋಣಿ ಒಂದೂ ಇಲ್ಲ. ಅದಕ್ಕೇ ಅಷ್ಟು ನಿಶ್ಶಬ್ದ. ಒಂದು ಮಧ್ಯಾಹ್ನ ಪೂರ್ತಿ ನಮಗೆ ಎದುರಾದದ್ದು ಎರಡೇ ಬೋಟು.

ಈಗ ಅಪ್ಪನ ವಿಷಯ. ಈ ನದಿಗೆ ಅಲ್ಲಲ್ಲಿ ಅಡ್ಡ ಕಟ್ಟೆಗಳಿವೆ, ನಮ್ಮ ವಿಜಯನಗರ ಕಾಲದ ಆಣೆಕಟ್ಟುಗಳ ಥರ. ಕಟ್ಟೆಯ ಪಕ್ಕ ಹಳೆ ಹಿಟ್ಟಿನ ಗಿರಣಿ ಇರುತ್ತೆ, ಇನ್ನೊಂದು ಪಕ್ಕ ಲಾಕ್. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ಬೋಟನ್ನು ಒಳಗೆ ತಂದು, ಹಿಂದಿನ ಬಾಗಿಲು ಹಾಕಿ, ನೀರು ತುಂಬಿಸಬೇಕು ಇಲ್ಲವೆ ಇಳಿಸಬೇಕು. ಶರಾಂತ್‌ನಲ್ಲಿ ನಾವು ಹೋದ ಕಡೆಯೆಲ್ಲ ಈ ಕೆಲಸಕ್ಕೆ ಯಾರೂ ಇರಲ್ಲ. ಕರೆಂಟೂ ಇಲ್ಲ, ಬಟನ್ನೂ ಇಲ್ಲ. ನಾವೇ ದಂಡೆಗಿಳಿದು ಹ್ಯಾಂಡಲ್ ತಿರುಗಿಸಬೇಕು.

ಮೊದಲ ಲಾಕ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲಿನ ಮೇಲೆ ನಿಂತೆ. ಒಂದು ಕಬ್ಬಿಣದ ಹಲ್ಲಿನ ಸರಳು, ಅದಕ್ಕೆ ಕಚ್ಚಿಕೊಂಡ ಸಣ್ಣ ಚಕ್ರ, ಅದಕ್ಕೊಂದು ಹ್ಯಾಂಡಲ್. ತಿರುಗಿಸಿದರೆ ಕೆಳಗೆ ನೀರೊಳಗಿನ ಕಿಂಡಿಯ ಹಲಗೆ ಮೇಲೇಳುತ್ತೆ. ಅರೆ, ಇದು ನಮ್ಮ ತೂಬು! ಒಂದು ಸುತ್ತಿಗೆ ಏನೂ ಆಗಲಿಲ್ಲ. ನಾಲ್ಕನೇ ಸುತ್ತಿಗೆ ತೊಟ್ಟಿಯೊಳಗೆ ನೀರು ಕುದಿದ ಹಾಗೆ ಎದ್ದಿತು. ಹೊರಗಿನ ನೀರಿಗೂ ಒಳಗಿನ ನೀರಿಗೂ ಒಂದು ಗೇಣು ವ್ಯತ್ಯಾಸ ಇರುವ ತನಕ ಆ ಬಾಗಿಲನ್ನು ಹತ್ತು ಜನ ಸೇರಿ ನೂಕಿದರೂ ಅಲುಗಲ್ಲ. ನೀರು ಸಮ ಆದ ಕೂಡಲೇ ಅದೇ ಬಾಗಿಲು ನನ್ನಾಕೆ ಬೆನ್ನು ಕೊಟ್ಟು ಒತ್ತಿದ್ದಕ್ಕೆ ಮೆಲ್ಲಗೆ ಸರಿಯಿತು. ಅಷ್ಟು ದೊಡ್ಡ ಬಾಗಿಲು ಸದ್ದಿಲ್ಲದೆ ತೆರೆಯುವುದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ನನ್ನ ತಂದೆ ಬದುಕಿದ್ದರೆ ತೋರಿಸಬಹುದಿತ್ತು ಅನ್ನಿಸಿತು. ಅವರು ಹೊಲಕ್ಕೆ ನೀರು ಬಿಡಿಸಲು ರಾತ್ರಿಯೆಲ್ಲ ತೂಬಿನ ಮೇಲೆ ಕೂತವರು.

30 ವರ್ಷ ಗೇಟಿನ ಜೊತೆ ಬದುಕಿದ ನಿಮ್ಮ ಅಪ್ಪ "ನನಗೇನು ಕೆಲಸ" ಅಂತಾರೆ ಅಲ್ವಾ? ಅವರ ಕೈಗೆ ಆ ಹ್ಯಾಂಡಲ್ ಕೊಡಿ.

ಒಂದು ಎಚ್ಚರಿಕೆ. ಇದು ನಮಗೇ ಆದದ್ದು. ಕೆಳಗಿಳಿಯುವ ಲಾಕ್‌ನಲ್ಲಿ ಬೋಟಿನ ಹಗ್ಗವನ್ನು ದಂಡೆಯ ಗೂಟಕ್ಕೆ ಗಂಟು ಹಾಕಬಾರದು. ಸುಮ್ನೆ ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದಿರಬೇಕು, ನೀರು ಇಳಿದ ಹಾಗೆ ಬಿಡುತ್ತಾ ಹೋಗಬೇಕು. ಎರಡನೇ ದಿನ ನಾನು ಗಂಟು ಹಾಕಿದೆ. ನೀರು ಇಳಿಯಿತು, ಬೋಟು ಹಗ್ಗಕ್ಕೆ ಜೋತುಬಿದ್ದು ಒಂದು ಕಡೆ ವಾಲಿತು. ಒಳಗೆ ಪಾತ್ರೆಗಳು ಉರುಳಿದವು, ಅವ್ವ ಕೂಗಿದಳು. ಹಗ್ಗ ಬಿಗಿದು ಗಂಟು ಬಿಚ್ಚಲು ಬರಲಿಲ್ಲ. ಮಗಳು ಓಡಿ ಹೋಗಿ ಕೆಳಗಿನ ಕಿಂಡಿ ಮುಚ್ಚಿ, ಮೇಲಿನ ಕಿಂಡಿ ತೆರೆದಳು. ನೀರು ಮತ್ತೆ ಏರಿತು, ಬೋಟು ಎದ್ದಿತು. ಎಲ್ಲ ಸೇರಿ ಎರಡು ನಿಮಿಷ. ಆದರೆ ಆ ಎರಡು ನಿಮಿಷ ನಾನು ಮರೆಯಲ್ಲ. ಹಾಗೇ ಕಟ್ಟೆಯ ಕಡೆ ಬೋಟು ತಿರುಗಿಸಲೇಬಾರದು. ಕೆಂಪು-ಬಿಳಿ-ಕೆಂಪು ಹಲಗೆ ಕಂಡರೆ ಆ ಕಡೆ ಹೋಗುವಂತಿಲ್ಲ ಅಂತ ಅರ್ಥ.

ನಡೆಸಲು ಲೈಸೆನ್ಸ್ ಬೇಡ. ಬಾಡಿಗೆಯವರೇ ಮುಕ್ಕಾಲು ಗಂಟೆ ಕಲಿಸಿ, ಆ ವಾರಕ್ಕೆ ಅಂತ ಒಂದು ಪತ್ರ ಕೊಡುತ್ತಾರೆ. ಬೋಟು ಗಂಟೆಗೆ 7–8 ಕಿಲೋಮೀಟರ್ ಹೋದರೆ ಹೆಚ್ಚು, ಚಕ್ಕಡಿಗಿಂತ ಸ್ವಲ್ಪ ಜೋರು ಅಷ್ಟೇ. ಕತ್ತಲಾದ ಮೇಲೆ ನಡೆಸುವಂತಿಲ್ಲ. ಮೇ ಕೊನೆಗೆ ಅಲ್ಲಿ ರಾತ್ರಿ ಒಂಬತ್ತೂವರೆ ತನಕ ಬಿಸಿಲಿರುತ್ತೆ, ಹಾಗಾಗಿ ಅವಸರ ಬೇಡ.

ಈ ಅವಸರದ ಮಾತನ್ನು ತಮ್ಮನಿಗೂ ಹೇಳಿ. ನಾವು ಜಾರ್ನಾಕ್ ಊರಲ್ಲಿ ಬೋಟು ಹತ್ತಿದೆವು. ಅಧ್ಯಕ್ಷರಾಗಿದ್ದ ಮಿತ್ತೆರಾನ್ ಹುಟ್ಟಿದ್ದು ಅಲ್ಲೇ, 1916ರಲ್ಲಿ. ಜಾರ್ನಾಕ್‌ನಿಂದ ಮೇಲಕ್ಕೆ ಶಾತೊನೆಫ್ ತನಕ ಹೋಗಿ, ತಿರುಗಿ ಕೆಳಗೆ ಕೊನ್ಯಾಕ್ ನೋಡಿ, ಮತ್ತೆ ಜಾರ್ನಾಕ್‌ಗೆ ಬಂದು ಬಿಟ್ಟೆವು. ಜಾರ್ನಾಕ್‌ನಿಂದ ಕೊನ್ಯಾಕ್ ರಸ್ತೆಯಲ್ಲಿ 15 ಕಿಲೋಮೀಟರ್ ಅಷ್ಟೇ. ನಮಗೆ ಅರ್ಧ ದಿನ ಹಿಡಿಯಿತು. ಸಮುದ್ರದ ತನಕ ಹೋಗೋಣ ಅಂತ ಮಗಳು ಮೊದಲು ಲೆಕ್ಕ ಹಾಕಿದ್ದಳು. ಹಾಗೆ ಮಾಡಿದ್ದರೆ ದಿನವಿಡೀ ಸ್ಟೇರಿಂಗ್ ಹಿಡಿದು ಕೂರಬೇಕಿತ್ತು. ದಿನಕ್ಕೆ ಮೂರು ನಾಲ್ಕು ಗಂಟೆ ಸಾಕು. ಉಳಿದ ಹೊತ್ತು ದಂಡೆಗೆ ಕಟ್ಟಿ ಕೂರಬೇಕು.

ಕಟ್ಟುವುದಕ್ಕೆ ಬಂದರೇ ಬೇಕು ಅಂತಿಲ್ಲ. ಬೋಟಿನಲ್ಲಿ ಎರಡು ಕಬ್ಬಿಣದ ಗೂಟ, ಒಂದು ಸುತ್ತಿಗೆ ಇರುತ್ತೆ. ಬೇಡ ಅಂತ ಬೋರ್ಡ್ ಇಲ್ಲದ ಕಡೆ ಹುಲ್ಲಿನ ದಂಡೆಗೆ ಗೂಟ ಹೊಡೆದು, ಎಮ್ಮೆ ಕಟ್ಟಿದ ಹಾಗೆ ಕಟ್ಟುವುದು. ನಾವು ಮೂರು ರಾತ್ರಿ ಹಾಗೇ ಕಳೆದೆವು. ಒಂದು ರಾತ್ರಿ ಬಾಸಾಕ್ ಹತ್ತಿರ. ಅಲ್ಲಿ ಸಾವಿರ ವರ್ಷದ ಹಳೆ ಮಠ ಇದೆ. ಸಂಜೆ ಅದರ ಗಂಟೆ ಬಾರಿಸಿದಾಗ ನೀರಿನ ಮೇಲೆ ಆ ಸದ್ದು ತೇಲಿ ಬಂತು. ಮೋಟಾರ್ ಬಂದ್ ಮಾಡಿದ ಮೇಲೆ ಬೋಟಿನ ಹೊಟ್ಟೆಗೆ ನೀರು ತಾಕುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ದಿನವಿಡೀ ಮೋಟಾರ್ ಸದ್ದಿನಲ್ಲಿ ಬದುಕುವ ನನಗೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಎರಡನೇ ರಾತ್ರಿಯಿಂದ ಎಂಟು ತಾಸು ಮಲಗಿದೆ.

ನಿಮ್ಮ ಅವ್ವನ ಭಯಕ್ಕೆ ನಮ್ಮವ್ವನ ಮಾತು ಹೇಳುತ್ತೇನೆ. ನಮ್ಮವ್ವನ ತವರು ಆನೆಗೊಂದಿ. ಚಿಕ್ಕವಳಿದ್ದಾಗ ಹಂಪಿ ಜಾತ್ರೆಗೆ ಹರಿಗೋಲಿನಲ್ಲೇ ಹೊಳೆ ದಾಟುತ್ತಿದ್ದಳು. ಬೋಟು ಹತ್ತಿ ಅರ್ಧ ಗಂಟೆ ಆದ ಮೇಲೆ ಅಂದಳು: "ಹರಿಗೋಲು ತಿರುಗುತ್ತೆ, ಇದು ತಿರುಗಲ್ಲ. ಮನೆಯಲ್ಲಿ ಕೂತ ಹಾಗೇ ಐತಿ." ಸುತ್ತ ಕಂಬಿ ಇದೆ, ಲೈಫ್ ಜಾಕೆಟ್ ಕೊಡುತ್ತಾರೆ. ಅವ್ವನಿಗೆ ಅದನ್ನು ಹಾಕಿಯೇ ಕೂರಿಸಿ, ಯಾರೂ ನೋಡಿ ನಗಲ್ಲ, ಅಲ್ಲಿಯವರೂ ಹಾಕಿಕೊಂಡಿರುತ್ತಾರೆ. ಮೊಣಕಾಲಿಗೆ ಮಾತ್ರ ಬೋಟು ಆರಿಸುವಾಗ ನೋಡಿ. ಒಳಗೆ ಮೂರು ನಾಲ್ಕು ಮೆಟ್ಟಿಲು ಇಳಿಯುವ ಬೋಟು ಬೇಡ, ಎಲ್ಲ ಒಂದೇ ಮಟ್ಟದಲ್ಲಿರುವುದು ಕೇಳಿ.

ಅಡುಗೆಗೆ ಗ್ಯಾಸ್ ಒಲೆ, ಫ್ರಿಜ್ ಇದೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮನೆಯಿಂದ ಒಯ್ದೆವು. ತುಪ್ಪ, ಪೇಡೆ ಮಾತ್ರ ಕಟ್ಟಬೇಡಿ, ಹೊರದೇಶದಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಬೇಕಾಗಿಯೂ ಇಲ್ಲ. ಶರಾಂತ್ ಸೀಮೆಯ ಬೆಣ್ಣೆ ಇಡೀ ಫ್ರಾನ್ಸ್‌ನಲ್ಲಿ ಹೆಸರುವಾಸಿ. ನನ್ನಾಕೆ ಅದನ್ನೇ ತಂದು ಬೋಟಿನಲ್ಲೇ ತುಪ್ಪ ಕಾಯಿಸಿದಳು. ಪಕ್ಕದ ಬೋಟಿನ ವಯಸ್ಸಾದ ದಂಪತಿ ವಾಸನೆ ಹಿಡಿದು ಬಂದರು. ಬಿಸಿ ರೊಟ್ಟಿಗೆ ತುಪ್ಪ ಸವರಿ ಕೊಟ್ಟೆವು. ಅವರು ಒಂದು ಬುಟ್ಟಿ ಚೆರ್ರಿ ಹಣ್ಣು ಕೊಟ್ಟರು. ಮಾತು ಯಾರಿಗೂ ತಿಳಿಯಲಿಲ್ಲ, ಒಂದು ತಾಸು ಕೂತಿದ್ದರು.

ಖರ್ಚು: ನಾಲ್ಕು ಜನರ ಬೋಟಿಗೆ ಆ ವಾರಕ್ಕೆ ನಾವು ಕೊಟ್ಟದ್ದು 1350 ಯೂರೋ. ಡೀಸೆಲ್ ಬೇರೆ, ಮೋಟಾರ್ ಓಡಿದ ಗಂಟೆ ಲೆಕ್ಕದಲ್ಲಿ. ಜುಲೈ-ಆಗಸ್ಟ್‌ನಲ್ಲಿ ತುಂಬಾ ಏರುತ್ತೆ. ಡಿಪಾಸಿಟ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ನಮಗೆ ಅದನ್ನು ಅಲ್ಲಿ ಹೋದ ಮೇಲೆ ಹೇಳಿದರು, ಮಗಳ ಕಾರ್ಡಿನಲ್ಲಿ ಅಷ್ಟು ಹಣ ಇರಲಿಲ್ಲ, ಅರ್ಧ ದಿನ ಹಾಳಾಯಿತು.

ಕೊನ್ಯಾಕ್‌ನ ಒಂದು ಮಾತು ಬಿಟ್ಟೆ. ಬ್ರಾಂಡಿಗೆ ಆ ಊರಿನ ಹೆಸರೇ ಇಟ್ಟಿದ್ದಾರೆ. ಅಲ್ಲಿಯ ಹಳೆ ಗೋದಾಮುಗಳ ಗೋಡೆ, ಹೆಂಚು ಎಲ್ಲ ಕಪ್ಪು. ನಮ್ಮವ್ವ ಬೆರಳಲ್ಲಿ ಉಜ್ಜಿ ನೋಡಿ "ಇಲ್ಲೂ ರೈಸ್ ಮಿಲ್ ಅದಾವೇನು?" ಅಂತ ಕೇಳಿದಳು. ಗಂಗಾವತಿ, ಕಾರಟಗಿಯಲ್ಲಿ ಮಿಲ್ಲಿನ ಬೂದಿ ಮಾಳಿಗೆ ಮೇಲೆ ಬೀಳುವುದು ನಿಮಗೆ ಗೊತ್ತಲ್ಲ. ಇದು ಬೂದಿ ಅಲ್ಲ, ಒಂದು ಥರದ ಬೂಸ್ಟು. ಪೀಪಾಯಿಯಿಂದ ಆವಿಯಾಗಿ ಹೋಗುವ ಮದ್ಯವನ್ನೇ ತಿಂದು ಗೋಡೆ ಮೇಲೆ ಬೆಳೆಯುತ್ತಂತೆ. ಕುಡಿಯದವರಿಗೂ ಆ ಓಣಿಗಳಲ್ಲಿ ನಡೆಯುವುದು ಚೆಂದ.

ರಾಯಚೂರು_ಸೈಕಲ್

ಗಂಗಾವತಿ ಅಣ್ಣಾರ ಮಾತು ಒಪ್ಪುತ್ತೇನೆ, ಆದರೂ ಮಿದಿ ಕಾಲುವೆಯನ್ನು ಪೂರ್ತಿ ಬಿಡಬೇಡಿ. ನಾನು ಅದರ ದಂಡೆಯಲ್ಲಿ ತುಲೂಸ್‌ನಿಂದ ಬೆಜಿಯೆ ತನಕ ಸೈಕಲ್ ತುಳಿದಿದ್ದೇನೆ. 240 ಕಿಲೋಮೀಟರ್ ಕಾಲುವೆ, 1666ರಲ್ಲಿ ಶುರು, 1681ರಲ್ಲಿ ಮುಗಿಯಿತು. ಕಟ್ಟಿಸಿದ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಕಾಲುವೆ ತೆರೆಯಲು ಕೆಲವೇ ತಿಂಗಳಿದ್ದಾಗ ತೀರಿಕೊಂಡ.

ಅವನ ನಿಜವಾದ ಕಷ್ಟ ಅಗೆಯುವುದಲ್ಲ, ನೀರು. ನಡುವೆ ದಿಬ್ಬ ಇದೆ. ದಿಬ್ಬದ ನೆತ್ತಿಗೆ ನೀರು ಮುಟ್ಟಿಸಿದರೆ ಮಾತ್ರ ಎರಡೂ ಕಡೆ ಕಾಲುವೆ ತುಂಬುತ್ತೆ. ಬೆಟ್ಟದ ಹಳ್ಳಗಳನ್ನೆಲ್ಲ ತಿರುಗಿಸಿ, ಸ್ಯಾನ್ ಫೆರಿಯೋಲ್ ಅನ್ನುವ ಕೆರೆ ಕಟ್ಟಿ ಅಲ್ಲಿಂದ ತಂದ. ಮಾನ್ವಿ, ಸಿರವಾರ ಕಡೆಯ, ನಾಲೆಯ ಕೊನೆ ಭಾಗದ ರೈತರು ನಾವು. ನೀರು ಕೊನೆ ತನಕ ಮುಟ್ಟುವುದು ಎಷ್ಟು ದೊಡ್ಡ ಕೆಲಸ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಜಿಯೆಯಲ್ಲಿ ಲಾಕ್‌ಗಳು ಮೆಟ್ಟಿಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡು 21 ಮೀಟರ್ ಇಳಿಯುತ್ತವೆ. ಬೋಟು ಬೇಡ ಅಂದರೆ ಒಂದು ದಿನ ಅಲ್ಲಿ ಹೋಗಿ ನಿಂತು ನೋಡಿ ಬನ್ನಿ.

ಗಂಗಾವತಿ_ರಿವೈಂಡಿಂಗ್

ತಮ್ಮಾ, ಆ ಕಾಲುವೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 1996ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ. ಆದರೆ ಅಲ್ಲಿ ಹೆಚ್ಚಿನ ಲಾಕ್‌ಗಳಿಗೆ ಕರೆಂಟ್ ಬಂದಿದೆ, ತೆರೆಯಲು ಸಿಬ್ಬಂದಿ ಇದ್ದಾರೆ. ಊಟದ ಹೊತ್ತಿಗೆ ಅವರು ಬಾಗಿಲು ಹಾಕಿದರೆ ಬೋಟುಗಳು ಸಾಲಾಗಿ ಕಾಯಬೇಕು. ನೆರಳಿಗೆ ನೆಟ್ಟಿದ್ದ ಹಳೆ ಮರಗಳಿಗೆ ರೋಗ ಬಂದು ಸಾವಿರಾರು ಮರ ಕಡಿದಿದ್ದಾರೆ, ಬಿಸಿಲೂ ಜಾಸ್ತಿ. ನನ್ನ ಲೆಕ್ಕ ಒಂದೇ. ಅಕ್ಕಾರ ಅಪ್ಪ ಅಲ್ಲಿಗೆ ಹೋದರೆ ಬೇರೆಯವರು ಗೇಟು ತೆರೆಯುವುದನ್ನು ನೋಡುತ್ತಾರೆ. ಶರಾಂತ್‌ಗೆ ಹೋದರೆ ತಾವೇ ತೆರೆಯುತ್ತಾರೆ.

ಬಳ್ಳಾರಿ_ಕೋಟೆ

ವೀಸಾ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೇಡಂ, ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು. ಬೇಸಿಗೆಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜನವರಿಯಲ್ಲೇ ಶುರು ಮಾಡಿ. ದೊಡ್ಡವರಿಗೆ 90 ಯೂರೋ ಫೀ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕು. ತಮ್ಮನ ಮನೆಯಲ್ಲಿ ಉಳಿಯುವ ದಿನಗಳಿಗೆ ಅವರೂರಿನ ಪುರಸಭೆಯಿಂದ ಒಂದು ಪತ್ರ ಮಾಡಿಸಿ ಕಳಿಸಬೇಕು, ಅದು ಬರಲು ಸಮಯ ಹಿಡಿಯುತ್ತೆ. ಬೋಟಿನ ರಾತ್ರಿಗಳಿಗೆ ಬೋಟ್ ಬುಕಿಂಗ್ ರಸೀದಿ ಇಡಿ, ಅದರಲ್ಲಿ ಎಲ್ಲರ ಹೆಸರೂ ಇರಲಿ. ನಮ್ಮ ಅತ್ತೆಯವರ ಹೆಸರು ರಸೀದಿಯಲ್ಲಿ ಬಿಟ್ಟುಹೋಗಿ ಮತ್ತೊಮ್ಮೆ ಬೆಂಗಳೂರಿಗೆ ಓಡಾಡಿದ್ದೇವೆ. ಅಪ್ಪನವರ ಪಿಂಚಣಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಜೊತೆಗಿರಲಿ.

ಕಾರಟಗಿ_ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಗಂಗಾವತಿ ಅಣ್ಣಾರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ತೂಬಿನ ಮಾತು ಬಂದಾಗ ಎದ್ದು ಕೂತರು.

2024ರ ಆಗಸ್ಟ್‌ನಲ್ಲಿ ಟಿಬಿ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಅಪ್ಪ ಸರಿಯಾಗಿ ಊಟ ಮಾಡಿರಲಿಲ್ಲ. ಆ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸುವ ತನಕ ಟಿವಿ ಮುಂದೆಯೇ ಇದ್ದರು. ಅದಕ್ಕೋ ಏನೋ, ನಾನು ಓದಿ ಮುಗಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಚೈನ್ ಇಲ್ಲ, ಹಲ್ಲಿನ ಸರಳು ಅಂದ್ಯಲ್ಲ. ಅದಕ್ಕೆ ಗ್ರೀಸ್ ಯಾರು ಹಾಕ್ತಾರ?" ನನಗೆ ಗೊತ್ತಿಲ್ಲ ಅಂದೆ. "ಕೇಳು" ಅಂದರು. ಅದಕ್ಕೇ ಕೇಳುತ್ತಿದ್ದೇನೆ ಅಣ್ಣಾ. ಹ್ಯಾಂಡಲ್ ತಿರುಗಿಸಲು 71ರ ಕೈಗೆ ಭಾರ ಆಗುತ್ತಾ ಅಂತಲೂ ಹೇಳಿ.

ಅವ್ವ ಇನ್ನೂ ಪೂರ್ತಿ ಒಪ್ಪಿಲ್ಲ. ಜಾಕೆಟ್ ರಾತ್ರಿ ಮಲಗುವಾಗಲೂ ಹಾಕಿಕೊಳ್ಳಬಹುದಾ ಅಂತ ಕೇಳಿದಳು.

ಗಂಗಾವತಿ_ರಿವೈಂಡಿಂಗ್

ಅವ್ವನಿಗೆ ಹೇಳಿ, ಹಾಕಿಕೊಂಡೇ ಮಲಗಲಿ. ಎರಡು ದಿನ ಆದ ಮೇಲೆ ಸೆಖೆಗೆ ತಾವೇ ತೆಗೆದಿಡುತ್ತಾರೆ. ನಮ್ಮವ್ವನ ಫೋನ್ ನಂಬರ್ ಕಳಿಸುತ್ತೇನೆ, ಇಬ್ಬರೂ ಒಮ್ಮೆ ಮಾತಾಡಲಿ. ನನಗಿಂತ ಅವಳು ಚೆನ್ನಾಗಿ ಹೇಳುತ್ತಾಳೆ.

ಅಪ್ಪಾರ ಪ್ರಶ್ನೆಗೆ: ಆ ನದಿ, ಲಾಕ್ ಎಲ್ಲ ಅಲ್ಲಿಯ ಜಿಲ್ಲಾ ಆಡಳಿತದ ಕೈಯಲ್ಲಿವೆ, ನಮ್ಮ ಜಿಲ್ಲಾ ಪಂಚಾಯತ್ ಇದ್ದ ಹಾಗೆ. ಗ್ರೀಸ್ ಅವರ ಆಳುಗಳೇ ಹಾಕುತ್ತಾರೆ. ಕರಿ ಗ್ರೀಸ್, ದಪ್ಪಗೆ. ನನ್ನ ಬಿಳಿ ಅಂಗಿಯ ತೋಳಿಗೆ ಹತ್ತಿದ್ದು ಇನ್ನೂ ಹೋಗಿಲ್ಲ. ಹ್ಯಾಂಡಲ್ ಹೆಚ್ಚಿನ ಕಡೆ ಹಗುರ. ಒಂದೆರಡು ಕಡೆ ನಾನೇ ಎರಡೂ ಕೈ ಹಾಕಿದ್ದೆ, ಅಲ್ಲಿ ತಮ್ಮ ಜೊತೆಗೆ ನಿಲ್ಲಲಿ. ಹ್ಯಾಂಡಲ್ ಜಾರಿದರೆ ಗಿರ್ರನೆ ಹಿಂದಕ್ಕೆ ತಿರುಗಿ ಮುಂಗೈಗೆ ಹೊಡೆಯುತ್ತೆ, ಅದಕ್ಕೊಂದು ಕೊಕ್ಕೆ ಇದೆ, ಕೊಕ್ಕೆ ಬಿದ್ದ ಮೇಲೆಯೇ ಕೈ ಬಿಡಬೇಕು. ಇದು ಅಪ್ಪಾರಿಗೆ ಹೇಳಿಕೊಡುವ ಮಾತಲ್ಲ, ತಮ್ಮನಿಗೆ ಹೇಳುವುದು.

ಸೂಟ್‌ಕೇಸ್‌ನಲ್ಲಿ ಒಂದು ಹಳೆ ಟವೆಲ್ ಇಡಿ. ಅಪ್ಪಾರು ಕೆಲಸದಲ್ಲಿದ್ದಾಗ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರಲ್ಲ, ಅಂಥದ್ದು.